ಕಪ್ಪು ಚುಕ್ಕಿ ಒಂದೂ ಇರಬಾರದು

ಕ್ಯಾಮೆರಾದೊಳಗೆ ಯಾವತ್ತಾದರೂ ಉಗುಳಿದ್ದೀರಾ? ನಾನು ಉಗುಳಿದ್ದೇನೆ. ಅದೂ ನನ್ನದೇ ಕ್ಯಾಮೆರಾದೊಳಗೆ, ನಡುರಸ್ತೆಯಲ್ಲಿ, ನಾಲ್ಕು ಜನ ನೋಡುತ್ತಿರುವಾಗ.

ಆದದ್ದಿಷ್ಟು. ಕೊಳ್ಳೇಗಾಲದ ರೇಷ್ಮೆ ಮಗ್ಗಗಳ ಫೋಟೊ ತೆಗೆಯಲು ಹೋಗಿದ್ದೆ. ಹೋದವನು ಮಗ್ಗ ನೋಡಿಕೊಂಡು ಬಸ್ ಹತ್ತಿದ್ದರೆ ಈ ವಾರ ಇದನ್ನು ಬರೆಯುವ ಗ್ರಹಚಾರ ಬರುತ್ತಿರಲಿಲ್ಲ. ಬಂದದ್ದು ಬಂದೆ, ಬಿಳಿಗಿರಿರಂಗನ ಬೆಟ್ಟವನ್ನೂ ನೋಡಿಬಿಡೋಣ ಅನ್ನಿಸಿತು. ಕೊಳ್ಳೇಗಾಲದಲ್ಲಿ ಮೇಷ್ಟರಾಗಿರುವ ನನ್ನ ಗೆಳೆಯ ಮಾದೇಶ ಬೈಕ್ ತೆಗೆದ. (ನನಗಿಂತ ಚಿಕ್ಕವನು. ಎಷ್ಟು ಹೇಳಿದರೂ ‘ಸಾ’ ಅನ್ನುವುದನ್ನು ಬಿಟ್ಟಿಲ್ಲ.)

ಮಾಂಬಳ್ಳಿ ಹತ್ತಿರ ಒಂದು ಒಳರಸ್ತೆ. ಉದ್ದಕ್ಕೂ ಹುರುಳಿ ಹರಡಿದ್ದರು. ಆ ಕಡೆಯವರಿಗೆ ಇದು ಗೊತ್ತಿರುವುದೇ. ಡಾಂಬರು ರಸ್ತೆಯೇ ಕಣ, ಹೋಗಿಬರುವ ಬಸ್ಸು ಲಾರಿಗಳೇ ಎತ್ತುಗಳು. ಬಸ್ ಹಾದುಹೋದ ಮೇಲೆ ಹೆಂಗಸರು ಬಂದು ಸೊಪ್ಪು ತಿರುವಿ ಹಾಕುತ್ತಾರೆ, ಮೊರದಲ್ಲಿ ತೂರುತ್ತಾರೆ. ಬೆಳಕು ಬೇರೆ ಚೆನ್ನಾಗಿತ್ತು. ಇಳಿದೆ. ಲೆನ್ಸ್ ಬದಲಾಯಿಸಬೇಕಿತ್ತು. ಬಿಚ್ಚಿದೆ. ಅದೇ ಗಳಿಗೆಗೆ ಒಂದು ಬಸ್ ಬಂತು.

ಹುರುಳಿ ಹೊಟ್ಟಿನ ಧೂಳು ಅಂದರೆ ಏನು ಅಂತ ಮೂಗಿಗೆ ಗೊತ್ತಿತ್ತು. ಕ್ಯಾಮೆರಾಕ್ಕೆ ಅವತ್ತು ಗೊತ್ತಾಯಿತು.

ಕ್ಯಾಮೆರಾ ಹಿಡಿಯದವರಿಗೆ ಒಂದು ಮಾತು. ಲೆನ್ಸ್ ಹಿಂದೆ ಸೆನ್ಸರ್ ಅಂತ ಒಂದು ಹೊಳೆಯುವ ಚೌಕ ಇರುತ್ತದೆ. ಮೊದಲು ರೀಲ್ ಇರುತ್ತಿದ್ದ ಜಾಗ. ರೀಲಿನ ಕಾಲದಲ್ಲಿ ಧೂಳು ಬಿದ್ದರೆ ಹಾಳಾಗುತ್ತಿದ್ದದ್ದು ಒಂದು ಫೋಟೊ. ರೀಲ್ ಮುಂದಕ್ಕೆ ಸುತ್ತಿಕೊಂಡರೆ ಧೂಳೂ ಹೋಯಿತು. ಸೆನ್ಸರ್ ಹಾಗಲ್ಲ. ಅದರ ಮೇಲೆ ಕೂತ ಧೂಳು ಒಕ್ಕಲೆದ್ದು ಹೋಗುವುದೇ ಇಲ್ಲ. ನೀವು ಯಾವ ಊರಿಗೆ ಹೋಗಿ, ಯಾರ ಫೋಟೊ ತೆಗೆಯಿರಿ, ಅದೇ ಜಾಗದಲ್ಲಿ ಅದೇ ಕಪ್ಪು ಚುಕ್ಕಿ.

ಅದನ್ನು ಹೊಡೆದೋಡಿಸಲು ಒಂದು ರಬ್ಬರ್ ಬುಡ್ಡಿ ಬರುತ್ತದೆ. ಹಿಸುಕಿದರೆ ಪುಸ್ ಪುಸ್ ಅಂತ ಗಾಳಿ ಬಿಡುತ್ತದೆ. ನನ್ನ ಬುಡ್ಡಿ ಮನೆಯಲ್ಲಿ ಭದ್ರವಾಗಿತ್ತು. ಬಾಯಲ್ಲಿ ಊದಬಾರದು ಅಂತ ಪುಸ್ತಕದಲ್ಲಿ ಬರೆದಿರುತ್ತಾರೆ. ಪುಸ್ತಕ ಓದಿದವನೇ ನಾನು. ಆದರೂ ಊದಿದೆ. ಧೂಳಿನ ಜೊತೆ ಈಗ ಎಂಜಲೂ ಸೇರಿತು.

ಬೆಟ್ಟದ ಮೇಲೆ ಎಂಥ ಆಕಾಶ ಇತ್ತು ಅಂತೀರಿ! ನನ್ನ ಫೋಟೊಗಳಲ್ಲಿ ಆ ಆಕಾಶಕ್ಕೆ ಸಿಡುಬು ಎದ್ದಿತ್ತು. ಸಂಜೆವರೆಗೂ ನಾನು ಕಾಡು ನೋಡಲಿಲ್ಲ, ಕಣಿವೆ ನೋಡಲಿಲ್ಲ. ಒಂದು ಫೋಟೊ ತೆಗೆಯುವುದು, ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ಚುಕ್ಕಿ ಹುಡುಕುವುದು, ಮಾದೇಶನ ಮೇಲೆ ರೇಗುವುದು. ಪಾಪ, ಅವನು ಮಾಡಿದ್ದೇನು?

‘‘ಬುಡಿ ಸಾ, ಕಂಪ್ಯೂಟರ್ನಾಗೆ ತಗುಸ್ಬುಡಬೋದಂತೆ. ನಾಳೆ ನಮ್ಮೂರ್ಗೆ ಓಗ್ಮ. ಅವ್ವಂದೊಂದು ಪೋಟ ತಗ್ದು ಕೊಡಿ’’ ಅಂದ.

ಅವನ ಊರು ಹನೂರಿನ ಆಚೆ, ಬಂಡಳ್ಳಿ. ಅವ್ವನ ಹೆಸರು ಪುಟ್ಟಮಾದಮ್ಮ. ಆಯಮ್ಮನಿಗೆ ಫೋಟೊ ಅಂದರೆ ಆಗದು. ಯಾರಾದರೂ ಫೋನ್ ಎತ್ತಿದರೆ ಸೆರಗು ಮುಖಕ್ಕೆ ಬರುತ್ತಿತ್ತು. ಆಧಾರ್ ಕಾರ್ಡಿಗೆ ಕೂತು ತೆಗೆಸಿಕೊಂಡಿದ್ದ ಒಂದೇ ಒಂದು ಚಿತ್ರದಲ್ಲಿ ಕಣ್ಣು ಮೂಗು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಈಗ ಮೈಯಲ್ಲಿ ಹುಷಾರಿರಲಿಲ್ಲ. ಒಂದಾದರೂ ಸರಿಯಾದ ಫೋಟೊ ಇರಲಿ ಅಂತ ಮಗನ ಆಸೆ.

ಆಶ್ಚರ್ಯ ಅಂದರೆ ಅವತ್ತು ಆಯಮ್ಮ ಒಪ್ಪಿದರು. ಸೀರೆ ಬದಲಾಯಿಸಿಕೊಂಡು ಸುಣ್ಣ ಬಳಿದ ಗೋಡೆ ಮುಂದೆ ಕೂತರು. ಒಂದೇ ಒಂದು ಪ್ರಶ್ನೆ ಕೇಳಿದರು.

‘‘ಅಚ್ಚೆ ಕಾಣ್ತದಾ?’’

ಮುಖದ ಮೇಲೆ ಹಚ್ಚೆ ಇತ್ತು. ಹಸಿರು ಚುಕ್ಕಿಗಳು. ಆ ಕಡೆಯ ಹಳಬರ ಮುಖಗಳಲ್ಲಿ ಇರುವಂಥವೇ. ಕಾಣುತ್ತೆ ತಾಯಿ, ಅದಕ್ಕೇನಂತೆ ಅಂದೆ.

‘‘ಕಾಣ್ಬೇಕು ಕಣಪ್ಪ. ಇವರಪ್ಪ ಸತ್ತಾಗ ಓಲೆ ಬಿಚ್ಚುದ್ರು, ತಾಳಿ ತಗುದ್ರು, ಬಳೆ ಒಡುದ್ರು. ಇದೊಂದ ತಗಿಯಕಾಗ್ನಿಲ್ಲ. ನಾಳಕೆ ನಾನು ಓದಾಗ್ಲೂ ಅಷ್ಟೇಯ. ಮೈಮೇಲಿರೋದ್ನೆಲ್ಲ ಬಿಚ್ಕತಾರೆ. ಇದು ನಂಜೊತ್ಗೇ ಬತ್ತದೆ.’’

ಎಂಥ ಮಾತು! ಒಳ್ಳೆಯ ಫೋಟೊಗ್ರಾಫರ್ ಆಗಿದ್ದರೆ ಕ್ಯಾಮೆರಾ ಕೆಳಗಿಟ್ಟು ಆ ಮುಖವನ್ನು ಕಣ್ಣಲ್ಲಿ ನೋಡುತ್ತಿದ್ದೆ. ನಾನು ನೋಡುತ್ತಿದ್ದದ್ದು ಬಿಳಿ ಗೋಡೆಯನ್ನು. ಬಿಳಿ ಗೋಡೆ ಅಂದರೆ ಸೆನ್ಸರ್ ಧೂಳಿಗೆ ಹಬ್ಬ. ಕಿವಿ ಪಕ್ಕ ಒಂದು, ತಲೆ ಮೇಲೆ ಎರಡು, ಮೂಲೆಯಲ್ಲಿ ಒಂದು ಕೂದಲೆಳೆ. ಅಯ್ಯೋ ಶನಿಯೇ ಅಂದುಕೊಳ್ಳುತ್ತಲೇ ಕ್ಲಿಕ್ ಮಾಡಿದೆ.

ವಾಪಸ್ ಬರುತ್ತ ಕೊಳ್ಳೇಗಾಲದಲ್ಲಿ ಒಂದು ಸ್ಟುಡಿಯೊಗೆ ಹೋದೆವು. ಸ್ಟುಡಿಯೊ ಯಜಮಾನ ಫೋಟೊಗಳನ್ನೆಲ್ಲ ತನ್ನ ಕಂಪ್ಯೂಟರಿಗೆ ಇಳಿಸಿಕೊಂಡ. ಅವ್ವನದನ್ನು ದೊಡ್ಡದಾಗಿ ಪ್ರಿಂಟ್ ಹಾಕಿ ಕಟ್ಟು ಹಾಕಿಸಿಡಲು ಹೇಳಿದೆ. ಹೊರಡುವಾಗ ಬೆರಳೆತ್ತಿ ಒಂದು ಮಾತು ಸೇರಿಸಿದೆ. ‘‘ನೋಡಪ್ಪ, ಕ್ಯಾಮೆರಾದಲ್ಲಿ ಧೂಳು ಸೇರಿದೆ. ನೀಟಾಗಿ ಕ್ಲೀನ್ ಮಾಡು. ಕಪ್ಪು ಚುಕ್ಕಿ ಒಂದೂ ಇರಬಾರದು.’’

‘‘ಬುಡಿ ಸಾ, ಒಂದೂ ಮಡಗಲ್ಲ’’ ಅಂದ.

ಕ್ಯಾಮೆರಾದ ಮೆಮೊರಿ ಕಾರ್ಡ್ ತುಂಬಿತ್ತು. ಮಾರನೇ ದಿನ ಇನ್ನೊಂದಿಷ್ಟು ಮಗ್ಗ ಬಾಕಿ ಇತ್ತು. ಫೋಟೊ ಕಂಪ್ಯೂಟರಿನಲ್ಲಿ ಇದೆಯಲ್ಲ ಅಂತ ಕಾರ್ಡ್ ಅಳಿಸಿದೆ, ಅದರ ಮೇಲೇ ಹೊಸ ಫೋಟೊ ತೆಗೆದೆ, ಊರಿಗೆ ಬಂದೆ. ಸೆನ್ಸರನ್ನು ಸರ್ವಿಸಿಗೆ ಕೊಟ್ಟು ತೊಳೆಸಿದೆ. ಮರೆತೆ.

ಮಾದೇಶನೂ ಮರೆತ. ನಾಳೆ ತಂದರಾಯಿತು, ಹಬ್ಬ ಕಳೆಯಲಿ, ಪರೀಕ್ಷೆ ಮುಗಿಯಲಿ. ಕಟ್ಟು ಹಾಕಿದ ಫೋಟೊ ಸ್ಟುಡಿಯೊದ ಗೋಡೆಗೆ ಒರಗಿಕೊಂಡೇ ಇತ್ತು. ಒಂದು ಬೆಳಗ್ಗೆ ಫೋನ್ ಬಂತು.

‘‘ಅವ್ವ ಓಯ್ತು ಸಾ.’’

ನನಗೆ ಹೋಗಲಾದದ್ದು ತಿಥಿಗೆ. ಬಂಡಳ್ಳಿಯಲ್ಲಿ ಬಸ್ ಇಳಿದರೆ ಎದುರಿಗೇ ಫ್ಲೆಕ್ಸ್. ಈಗ ಸತ್ತವರಿಗೂ ಫ್ಲೆಕ್ಸ್ ಕಟ್ಟುತ್ತಾರಲ್ಲ? ‘ಭಾವಪೂರ್ಣ ಶ್ರದ್ಧಾಂಜಲಿ’. ಕೆಳಗೆ ಪುಟ್ಟಮಾದಮ್ಮ. ನನ್ನ ಫೋಟೊ. ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ಅನ್ನಿಸಿದ್ದು ‘ಪರವಾಗಿಲ್ಲ, ಕ್ಲೀನಾಗಿ ಬಂದಿದೆ’ ಅಂತಲೇ. ಗೋಡೆ ಹಾಲಿನ ಹಾಗಿತ್ತು. ಒಂದು ಧೂಳಿನ ಕಣ ಇರಲಿಲ್ಲ.

ಮನೆಯಲ್ಲಿ, ಸ್ಟುಡಿಯೊದಿಂದ ತಂದಿದ್ದ ಅದೇ ಕಟ್ಟಿನ ಫೋಟೊಕ್ಕೆ ಹಾರ ಹಾಕಿ ಎಡೆ ಇಡಲು ಅಣಿ ಮಾಡುತ್ತಿದ್ದರು. ಪುಟ್ಟಮಾದಮ್ಮನ ತಂಗಿ ಕೆಂಪಮ್ಮ ಎಲೆ ಹಿಡಿದು ಬಂದವರು ಫೋಟೊ ಮುಂದೆ ನಿಂತುಬಿಟ್ಟರು.

‘‘ಇದ್ಯಾರ್ಲಾ ಮಾದೇಸ?’’

‘‘ಯಾರು ಅಂದ್ರೆ? ಅವ್ವ ಕಣ ಚಿಕ್ಕವ್ವ.’’

‘‘ನಮ್ಮಕ್ಕನ ಅಚ್ಚೆ ಎಲ್ಲಿ?’’

ಒಬ್ಬೊಬ್ಬರೇ ಬಂದು ಬಗ್ಗಿ ನೋಡಿದರು. ನಾನೂ ನೋಡಿದೆ. ಇರಲಿಲ್ಲ. ಮುಖ ತೊಳೆದಿಟ್ಟ ಸ್ಟೀಲ್ ತಟ್ಟೆಯಂತಿತ್ತು. ಇಷ್ಟು ದಿನ ಫ್ಲೆಕ್ಸ್ ಮುಂದೆ ಓಡಾಡಿದ ಮನೆಮಂದಿಗೆ, ನೆಂಟರಿಗೆ, ಯಾರಿಗೂ ಅದು ಹೊಳೆದಿರಲಿಲ್ಲ.

ಹೊರಗೆ ಬಂದು ಸ್ಟುಡಿಯೊದವನಿಗೆ ಫೋನ್ ಮಾಡಿ ಬೈದೆ. ಅವನು ಬೈಸಿಕೊಂಡು ತಣ್ಣಗೆ ಹೇಳಿದ.

‘‘ನೀವೇ ಯೋಳುದ್ರಲ್ಲ ಸಾ, ಕಪ್ಪು ಚುಕ್ಕಿ ಒಂದೂ ಇರಬಾರ್ದು ಅಂತ. ಈಗ ಯಾರು ಸಾ ಪೋಟದಾಗೆ ಅಚ್ಚೆ ಮಡಗುಸ್ತಾರೆ? ಮಕ್ಕಳೇ ಬಂದು ತಗುದ್ಬುಡಿ, ಅಳ್ಳಿಯೋರ ತರ ಕಾಣ್ತದೆ ಅಂತಾರೆ. ನಾನು ಅಂಗೇ ಅನ್ಕಂಡೆ.’’

ಮೊದಲಿನದು ಇದೆಯೇನಪ್ಪ ಅಂದೆ. ತಿದ್ದಿದ್ದನ್ನೇ ಅದರ ಮೇಲೆ ಸೇವ್ ಮಾಡಿದ್ದಾನೆ. ನನ್ನ ಕಾರ್ಡಿನಲ್ಲಿ ಅದರ ಜಾಗದಲ್ಲಿ ಮಗ್ಗಗಳಿವೆ. ಗಂಡ ಸತ್ತಾಗ ಊರೇ ನಿಂತು ತೆಗೆಯಲಾಗದ್ದನ್ನು ನಾವಿಬ್ಬರು ಸೇರಿ ತೆಗೆದುಬಿಟ್ಟಿದ್ದೆವು.

ಒಳಗೆ ಎಲ್ಲರೂ ಫೋನ್ ತೆಗೆದು ಹುಡುಕುತ್ತಿದ್ದರು. ಬೆರಳು ಸವೆಯುವಷ್ಟು ಫೋಟೊ! ಮಗುವಿನ ಬರ್ತ್‌ಡೇ, ಹೊಸ ಬೈಕು, ಬೆಟ್ಟದ ತಪ್ಪಲಲ್ಲಿ ಸೆಲ್ಫಿ, ಹೋಟೆಲಿನ ಬಿರಿಯಾನಿ. ಪುಟ್ಟಮಾದಮ್ಮ ಅಲ್ಲಲ್ಲಿ ಇದ್ದರು. ಬಾಗಿಲ ಹಿಂದೆ ಅರ್ಧ. ಒಲೆ ಮುಂದೆ ಬೆನ್ನು. ಗುಂಪಿನ ತುದಿಯಲ್ಲಿ ಒಂದು ಭುಜ. ಮುಖ ಇದ್ದದ್ದು ಒಂದರಲ್ಲಿ, ಅದರಲ್ಲಿ ಫೋನೇ ಚಂದ ಮಾಡಲು ಹೋಗಿ ಮುಖಕ್ಕೆ ಹಿಟ್ಟು ಬಳಿದಿತ್ತು.

‘‘ಪೆನ್ ಕೊಡಿ, ಇಕ್ಬುಡ್ತೀನಿ’’ ಅಂದ ಮಾದೇಶ. ಯಾರೋ ಹಸಿರು ಸ್ಕೆಚ್‌ಪೆನ್ ತಂದುಕೊಟ್ಟರು. ಹಾರ ಸರಿಸಿದ. ಮುಚ್ಚಳ ತೆಗೆದ. ಗಾಜಿನ ಮೇಲೆ ಪೆನ್ ಹಿಡಿದವನು ಹಾಗೇ ನಿಂತ.

‘‘ಗದ್ದದ ಮೇಲೆ ಮೂರು’’ ಅಂದರು ಕೆಂಪಮ್ಮ.

‘‘ಗದ್ದದ ಮೇಲೆ ಒಂದೇಯ. ಕೆನ್ನೆ ಮೇಲೆ ಎರಡು’’ ಅಂದಳು ಮಾದೇಶನ ಹೆಂಡತಿ.

‘‘ಅಣೆ ಮೇಲೂ ಒಂದಿತ್ತಲ್ವಾ?’’ ಅಂದರು ಇನ್ಯಾರೋ.

‘‘ಅದು ಅಚ್ಚೆ ಅಲ್ಲ ಕಣ, ಗಾಯದ ಕಲೆ.’’

‘‘ಯಾವ ಕೆನ್ನೆ? ಎಡದ್ದಾ, ಬಲದ್ದಾ?’’

ಕೆಂಪಮ್ಮ ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದರು. ಅವರಿಗೂ ಗ್ಯಾರಂಟಿ ಇರಲಿಲ್ಲ. ಬೆಳಗೆದ್ದರೆ ಆ ಮುಖ, ಉಣ್ಣುವಾಗ ಆ ಮುಖ, ಜ್ವರ ಬಂದಾಗ ಮೇಲೆ ಬಗ್ಗಿ ನೋಡುತ್ತಿದ್ದ ಆ ಮುಖ. ಅದರ ಮೇಲೆ ಬಿಟ್ಟರೂ ಬಿಡದ ಹಾಗೆ ಕೂತಿದ್ದ ಚುಕ್ಕಿಗಳು ಎಷ್ಟು, ಎಲ್ಲಿ ಅಂತ ಹೇಳಬಲ್ಲ ಒಬ್ಬನೇ ಒಬ್ಬ ಆ ಮನೆಯಲ್ಲಿ ಇರಲಿಲ್ಲ. ಗೊತ್ತಿದ್ದ ಒಬ್ಬಾಕೆಯನ್ನು ಮಣ್ಣು ಮಾಡಿ ಬಂದಿದ್ದರು.

ಮಾದೇಶ ಪೆನ್ ಹಿಡಿದೇ ನನ್ನ ಕಡೆ ತಿರುಗಿದ.

‘‘ಸಾ, ನೀವು ಪೋಟ ತಗುದೋರು. ಕಣ್ಣಿಟ್ಟು ನೋಡಿದ್ರಲ್ಲ. ಎಷ್ಟಿದ್ವು ಯೋಳಿ ಸಾ.’’

ಆ ಗೋಡೆಯ ಮೇಲಿದ್ದ ಧೂಳಿನ ಚುಕ್ಕಿಗಳು ಎಷ್ಟು, ಎಲ್ಲೆಲ್ಲಿ ಅಂತ ಕೇಳಿದ್ದರೆ ಈಗಲೂ ಹೇಳುತ್ತಿದ್ದೆ. ಮುಖದ್ದು ಗೊತ್ತಿರಲಿಲ್ಲ. ಗೊತ್ತಿಲ್ಲಪ್ಪ ಅಂದೆ.

‘‘ಬುಡ್ಲಾ’’ ಅಂದರು ಕೆಂಪಮ್ಮ. ‘‘ತಪ್ಪು ಅಚ್ಚೆ ಇಕ್ಬೇಡ. ಎಡೆಗೆ ಒತ್ತಾಯ್ತದೆ. ಅವಳೇ ಅನ್ಕಂಡು ಎಡೆ ಮಡಗು.’’

ಮಾದೇಶ ಪೆನ್ನಿನ ಮುಚ್ಚಳ ಹಾಕಿದ. ಎಡೆ ಇಟ್ಟರು. ಎಲ್ಲರೂ ಆ ಬೋಳು ಮುಖಕ್ಕೆ ಕೈಮುಗಿದೆವು.

ಇಲ್ಲೀತನಕ ಓದಿ ಮಾದೇಶನನ್ನು ಬೈಯುತ್ತಿದ್ದೀರಾ? ಬೈಯಿರಿ. ಅದಕ್ಕೆ ಮೊದಲು, ಎದ್ದು ಹೋಗಿ ನೋಡದೆ, ಫೋನ್ ತೆಗೆಯದೆ, ಕೂತಲ್ಲೇ ಹೇಳಿ: ನಿಮ್ಮ ಅಮ್ಮನ ಮುಖದ ಮೇಲಿನ ಮಚ್ಚೆ ಎಡಗಡೆಗೋ, ಬಲಗಡೆಗೋ?