ಬ್ಯಾಡಗಿಯಿಂದ ಕರ್ಜಗಿಗೆ ಒಯ್ದ ಮಾತು

ಮುಂಜಾನೆ ಏಳರ ಬಸ್ಸಿಗೆ ನಾನೂ ನನ್ನ ಹೆಂಡತಿ ಗಂಗವ್ವನೂ ಬ್ಯಾಡಗಿ ಬಿಟ್ಟೆವು. ತೊಂಬತ್ತೆರಡನೆಯ ಇಸವಿಯ ಮಾರ್ಚ್, ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ರಾಣೆಬೆನ್ನೂರಿಗೆ ಇಬ್ಬರಿಗೂ ಸೇರಿ ಹತ್ತು ರೂಪಾಯಿ ಟಿಕೆಟ್ಟು. ಅಲ್ಲಿಯ ಡಾಕ್ಟರು ಅವಳ ಕರುಳಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಅಂದು ಅದರ ವರದಿ ಬರುವುದಿತ್ತು.

ಆರು ತಿಂಗಳಿಂದ ಅವಳಿಗೆ ಮಲದಲ್ಲಿ ಕೆಂಪು ಕಾಣಿಸುತ್ತಿತ್ತು. ಮೊದಲ ಸಲ ಹೇಳಿದಾಗ ನಾನು ನಕ್ಕಿದ್ದೆ. "ನಮ್ಮೂರ ಮೆಣಸಿನಕಾಯಿ ಬಣ್ಣಕ್ಕ ಹೆಸರಾಗೇತಿ. ಅದ ಇರಬೇಕು ತಗೀ." ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನ ಜಾಣತನ ಅದು. ಅವಳು ಖಾರ ಬಿಟ್ಟು ಮಜ್ಜಿಗೆ ಅನ್ನ ಉಂಡಳು. ಕೆಂಪು ನಿಲ್ಲಲಿಲ್ಲ.

ಮೋಟೆಬೆನ್ನೂರು ದಾಟಿದ ಮೇಲೆ ಗಂಗವ್ವ ಕೇಳಿದಳು, "ಡಾಕ್ಟರ ಮುಂದ ಈ ಸಲಾನೂ ಸುಳ್ಳ ಹೇಳಾವ್ರೇನ್ರಿ?"

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಒಂಬತ್ತು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಅವಳ ಗರ್ಭಕೋಶ ತೆಗೆದಿದ್ದರು. ಕ್ಯಾನ್ಸರ್. ನಮ್ಮ ಒಬ್ಬಳೇ ಮಗಳು ಶಾಂತಾಳಿಗೆ ಆಗಷ್ಟೇ ಕರ್ಜಗಿಯ ಸಂಬಂಧ ಕೂಡಿಬಂದಿತ್ತು. ಬೀಗರು ಹಿಂದೆ ಸರಿದಾರೆಂದು ಹೆದರಿ, ಬರೀ ಗಡ್ಡೆ ಎಂದು ಊರಿಗೆಲ್ಲ ಹೇಳಿದೆ. ಮಗಳಿಗೂ ಅದನ್ನೇ ಹೇಳಿದೆ. ಹೋದ ವಾರ ಡಾಕ್ಟರು ಕೇಳಿದಾಗಲೂ ನನ್ನ ಬಾಯಿಂದ ಗಡ್ಡೆಯೇ ಬಂತು.

ಡಾಕ್ಟರು ವರದಿ ಓದಿದರು. "ಕರುಳಿನ ಕ್ಯಾನ್ಸರ್ ಐತ್ರಿ, ಯಜಮಾನ್ರ."

ನಾನು ಚೀಲಕ್ಕೆ ಕೈ ಹಾಕಿದೆ. "ಆವಾಗಿಂದು ಗಡ್ಡಿ ಅಲ್ರೀ ಸಾಹೇಬ್ರ. ಅದೂ ಇದ. ಈಗ ಅದ ಹರಡೇತೇನ್ರಿ?"

"ಇದನ್ನ ಅವತ್ತ ಹೇಳಾಕ ಏನಾಗಿತ್ರಿ ನಿಮಗ?" ಎಂದು ಸಿಡುಕಿ, ಚೀಲದಿಂದ ನಾನು ತೆಗೆದುಕೊಟ್ಟ ಹುಬ್ಬಳ್ಳಿಯ ಕಾಗದಗಳನ್ನು ವರದಿಯ ಪಕ್ಕಕ್ಕೆ ಹರಡಿಕೊಂಡರು. 

"ಇದು ಅದು ಹರಡಿದ್ದಲ್ಲ. ಕರುಳಿನಾಗ ಹೊಸದಾಗಿ ಹುಟ್ಟಿದ್ದು, ಇದ ಬ್ಯಾರೆ. ಆಪರೇಷನ್ ಮಾಡಿಸಿದ್ರ ಆಸೆ ಐತಿ. ತವರಮನ್ಯಾಗ ಯಾರಿಗರ ಆಗಿತ್ತೇನವ್ವಾ?"

"ನಮ್ಮಣ್ಣ ಕರುಳಿಂದರಾಗ ಹೋದ್ರಿ. ಅವ್ವಂದು ಗರ್ಭಕೋಶದ್ದು," ಎಂದಳು ಗಂಗವ್ವ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಕೆಲವು ಮನೆತನದಾಗ ಇವೆರಡೂ ರಕ್ತದಾಗ ಬರತಾವ್ರಿ. ಮಗಳಿಗೆ ತಿಳಿಸ್ರಿ, ತಪಾಸಣಿ ಆಗಬೇಕು. ತಡಾ ಮಾಡಬ್ಯಾಡ್ರಿ."

ನಿಲ್ದಾಣದಲ್ಲಿ ಬ್ಯಾಡಗಿ ಬಸ್ಸು ನಿಂತಿತ್ತು. ಗಂಗವ್ವ ಅದನ್ನು ದಾಟಿ, ಕರ್ಜಗಿ ದಾರಿಯ ಹಾವೇರಿ ಬಸ್ಸಿನ ಕಡೆ ನಡೆದಳು. ನಾನು ಅದರ ಮೆಟ್ಟಿಲ ಮುಂದೆ ನಿಂತುಬಿಟ್ಟೆ. "ಏರ್ರಿ ಅಜ್ಜಾರ, ಮುಹೂರ್ತ ನೋಡಾಕತ್ತೀರೇನು?" ಎಂದು ಕಂಡಕ್ಟರ್ ಕೂಗಿದ. ಹಾವೇರಿಯಲ್ಲಿ ಮಂಡಕ್ಕಿ ಗಿರಮಿಟ್ ಕೊಂಡೆವು. ಪೊಟ್ಟಣ ಬಿಚ್ಚದೆಯೇ ಕರ್ಜಗಿ ಬಸ್ಸು ಹತ್ತಿದೆವು.

ಕರ್ಜಗಿ ಮುಟ್ಟಿದಾಗ ಮಧ್ಯಾಹ್ನ ಎರಡು. ಶಾಂತಾಳ ಅತ್ತೆ ನೀರು ತಂದಿಟ್ಟು, "ಬರ್ರಿ ಬೀಗರ. ಸುದ್ದಿ ಇಲ್ದ ಬಂದೀರಲ್ಲ, ಹೋಳಿಗಿ ತಪ್ಪಿತು ನೋಡ್ರಿ!" ಎಂದು ನಕ್ಕರು. ಮಗಳನ್ನು ಒಳಗೆ ಕರೆದು ಗುಟ್ಟಾಗಿ ಹೇಳಬೇಕೆಂದಿದ್ದೆ. ಗಂಗವ್ವ ನನ್ನನ್ನೇ ನೋಡುತ್ತಿದ್ದಳು. ಅತ್ತೆಯ ಎದುರಿಗೇ ಎಲ್ಲವನ್ನೂ ಹೇಳಿದೆ.

ಅತ್ತೆ ನೀರಿನ ತಂಬಿಗೆ ಪಕ್ಕಕ್ಕೆ ಸರಿಸಿದರು. "ನಮಗ ಹೆದರಿ ಮಗಳಿಗೂ ಮುಚ್ಚಿಟ್ರೇನ್ರಿ? ನಾಳೆ ತಪಾಸಣಿಗೆ ನಾನ ಆಕಿನ್ನ ಕರಕೊಂಡು ಬರ್ತೇನಿ," ಎಂದರು.

ಶಾಂತಾ ಒಂದೇ ಮಾತು ಕೇಳಿದಳು. "ಯಪ್ಪಾ, ಮಾಮಾ ಕರುಳಿನ ಬ್ಯಾನಿಲೆ ಸತ್ತಾಗರ ಹೇಳಬಾರದಿತ್ತಾ?"

ಮರುದಿನ ಮೊದಲ ಬಸ್ಸಿಗೆ ನಾಲ್ವರೂ ಹೊರಟೆವು. ಶಾಂತಾ ತಾಯಿಗೂ ಅತ್ತೆಗೂ ನಡುವೆ ಕುಳಿತಳು. ನನಗೆ ಹಿಂದಿನ ಸೀಟು ಸಿಕ್ಕಿತು. ರಾಣೆಬೆನ್ನೂರು ಬರುವವರೆಗೂ ಅವಳು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.