ಹೆಣ್ಣು ನೋಡಲು ಹೋಗುವವರು ಓದಲೇಬೇಕಾದ ಪುಸ್ತಕ

ಒಂದು ಪುಸ್ತಕ ಓದಿ ಎಂದು ಹೇಳಲು ಕೂತಿದ್ದೇನೆ. ಹೆಸರು ಕೇಳಬೇಡಿ. ನಾನು ಓದಿದ ಪ್ರತಿಗೆ ರಟ್ಟು ಇರಲಿಲ್ಲ, ಮೊದಲ ನಾಲ್ಕು ಹಾಳೆಯೂ ಇರಲಿಲ್ಲ. ಬರೆದವನು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಗೊತ್ತಾದರೆ ಅವನ ಮನೆ ಹುಡುಕಿಕೊಂಡು ಹೋಗಿ ಎರಡು ಮಾತು ಕೇಳುವುದಿದೆ.

ನಾನು ಏಳನೆಯ ತನಕ ಕಲಿತವನು, ಅದರಲ್ಲೂ ಏಳನೆಯದನ್ನು ಎರಡು ಸಲ. ಹೂವು, ಚಂದ್ರ, ಬೆಳದಿಂಗಳು ನನ್ನಿಂದ ಆಗುವುದಿಲ್ಲ. ಆದದ್ದನ್ನು ಆದಂತೆ ಹೇಳುತ್ತೇನೆ.

ಆಗ ನಾನು ಮೂಡಲಗಿಯಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ಮಾಡುವ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದೆ. ಮೊಬೈಲು ಹೊಸದಾಗಿ ಬಂದಿತ್ತು, ಮಾಲೀಕನೊಬ್ಬನ ಕಿಸೆಯಲ್ಲಿ ಮಾತ್ರ. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದು ದೇವರಿಗೂ ಗೊತ್ತಿರಲಿಲ್ಲ. ಕರೆಂಟು ಹೋದರೆ ನನ್ನ ಕೆಲಸ ನಿಲ್ಲುತ್ತಿತ್ತು. ಟ್ರೇಲರಿಗೆ ಬಣ್ಣ ಹಚ್ಚುವ ಪೇಂಟರನ ಕೆಲಸ ನಿಲ್ಲಬೇಕಾಗಿರಲಿಲ್ಲ, ಅವನ ಕುಂಚಕ್ಕೆ ಕರೆಂಟು ಬೇಕಿಲ್ಲ. ಆದರೂ ಸ್ನೇಹಕ್ಕೆ ಅವನೂ ನಿಲ್ಲಿಸುತ್ತಿದ್ದ.

ಟ್ರೇಲರಿನ ಹಿಂಬದಿಯ ಹಲಗೆಯ ಮೇಲೆ ಒಂದೆರಡು ಸಾಲು ಬರೆಯುವುದು ಅವನ ಹೆಮ್ಮೆ. ಪ್ರೀತಿಯ ಮೇಲೆ ಹೊಸ ಸಾಲು ಸಿಗಬಹುದು ಎಂದು ಗೋಕಾಕದ ರದ್ದಿ ಅಂಗಡಿಯಿಂದ ಈ ಪುಸ್ತಕ ತಂದ. ಒಳಗೆ ಒಂದು ಸಾಲೂ ಸಿಗಲಿಲ್ಲ. ಅದು ಕವನವಲ್ಲ, ಕತೆಯೂ ಅಲ್ಲ. ನಡೆದ ಸಂಗತಿ.

ದೊಡ್ಡ ಊರುಗಳಲ್ಲಿ ಹುಡುಗಿಯರನ್ನು ಒಲಿಸಿಕೊಳ್ಳುವುದು ಹೇಗೆ ಎಂದು ಕಲಿಸುವ ಕ್ಲಾಸುಗಳು ಇರುತ್ತವಂತೆ. ನಮ್ಮಲ್ಲಿ ಟೈಪಿಂಗ್ ಕ್ಲಾಸು ಇದ್ದ ಹಾಗೆ. ಬರೆದವನು ಅಲ್ಲಿಗೆ ಸೇರಿ, ಕಂಡದ್ದನ್ನೆಲ್ಲ ಬರೆದಿದ್ದಾನೆ. ಇಪ್ಪತ್ತು ಜನ ಗಂಡಸರು ಒಂದು ಕೋಣೆಯಲ್ಲಿ. ಹುಡುಗಿ ಒಬ್ಬಳೂ ಇಲ್ಲ. ಅದಕ್ಕೆ ಒಬ್ಬ ಮೀಸೆಯವನು ಹೆಗಲಿಗೆ ಟವೆಲ್ಲು ಹಾಕಿಕೊಂಡು ಹುಡುಗಿಯಾಗಿ ಕೂರುತ್ತಾನೆ, ಉಳಿದವರು ಸರತಿಯಲ್ಲಿ ಬಂದು ಅವನನ್ನು ಒಲಿಸಬೇಕು. ಒಬ್ಬನಂತೂ ಕನ್ನಡಿ ಮುಂದೆ ಆರು ತಿಂಗಳು ನಗುವುದನ್ನು ಕಲಿತು, ಕೊನೆಗೆ ಸತ್ತವರ ಮನೆಗೆ ಹೋದಾಗಲೂ ಅದೇ ನಗು ಬಂದು ಒದೆ ತಿಂದ. ಇಷ್ಟೆಲ್ಲ ಕಲಿಸುವ ಗುರು ಹೆಂಡತಿಯ ಫೋನು ಬಂದರೆ ಎದ್ದು ನಿಂತು ಮಾತಾಡುತ್ತಿದ್ದ.

ಪೇಂಟರ್ ಗಟ್ಟಿಯಾಗಿ ಓದುತ್ತಿದ್ದ, ನಾನು ತಗಡಿನ ಮೇಲೆ ಮಲಗಿ ಕೇಳುತ್ತಿದ್ದೆ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿದ್ದೇವೆ. ಕರೆಂಟು ಬಂದರೆ ಸಿಟ್ಟು ಬರುತ್ತಿತ್ತು. ಅದಕ್ಕೇ ಹೇಳುವುದು, ಓದಿ. ಅಷ್ಟು ಮಜಾ ಇದೆ.

ಗುರುವಿನ ಸೂತ್ರಗಳು ಹತ್ತೋ ಹನ್ನೆರಡೋ ಇದ್ದವು. ಎರಡು ನನಗೆ ನೆನಪು ಉಳಿದವು. ಒಂದು, ಹುಡುಗಿಯನ್ನು ಹೊಗಳಬೇಡ, ಅವಳ ಕೈಕೆಲಸದಲ್ಲಿ ಒಂದು ಸಣ್ಣ ತಪ್ಪು ತೆಗೆ. ಎರಡು, ಮಾತು ಕಾವೇರಿದಾಗ ನೀನೇ ಮೊದಲು ಎದ್ದು ಹೋಗು, ಹಿಂದಿನಿಂದ ಅವಳ ಮನಸ್ಸು ಬರುತ್ತದೆ. ಇವನ್ನು ಕೇಳಿ ನಕ್ಕವನು ನಾನೇ. ನಕ್ಕದ್ದನ್ನು ಮರೆಯಬೇಕಿತ್ತು, ಮರೆಯಲಿಲ್ಲ.

ಅದಕ್ಕೆ ಕಾರಣ ಘೋಡಗೇರಿಯ ಒಬ್ಬ ಹುಡುಗಿ.

ಆ ವರ್ಷ ಸುಗ್ಗಿಯ ಹೊತ್ತಿಗೆ ಘೋಡಗೇರಿಗೆ ಒಂದು ಹೊಸ ಟ್ರೇಲರ್ ಮುಟ್ಟಿಸಲು ಹೋಗಿದ್ದೆ. ಓಣಿಯಲ್ಲಿ ಹಿಂದಕ್ಕೆ ಬಿಡುವಾಗ ಡ್ರೈವರಿಗೆ ‘ಬರ್ಲಿ, ಬರ್ಲಿ’ ಎಂದು ಕೈ ಮಾಡುತ್ತಿದ್ದವನು ನಾನು. ಗಾಲಿ ಹೋಗಿ ಯಾರೋ ಒಣಹಾಕಿದ ಗೋವಿನಜೋಳದ ಮೇಲೆ ಹತ್ತಿತು. ಒಳಗಿನಿಂದ ಒಬ್ಬಳು ಕಸಬರಿಗೆ ಹಿಡಿದು ಬಂದಳು. ನನ್ನ ಹಣೆಯ ಮೇಲಿದ್ದ ಕರಿ ಗ್ಲಾಸು ನೋಡಿದಳು.

“ಏನ್ರಿ ವೆಲ್ಡಿಂಗ ಸಾಹೇಬ್ರ, ಕಣ್ಣಿಗೂ ವೆಲ್ಡಿಂಗ ಹೊಡಸ್ಕೊಂಡೀರೇನು?”

ಕಸಬರಿಗೆ ನನ್ನ ಕೈಗೇ ಕೊಟ್ಟಳು. ಓಣಿಯವರೆಲ್ಲ ನೋಡುವಾಗ ಗುಡಿಸಿದೆ. ಅವಳು ಸೊಂಟಕ್ಕೆ ಕೈಯಿಟ್ಟು ನಿಂತು, “ಆ ಮೂಲ್ಯಾಗ ಇನ್ನ ನಾಕ ಕಾಳ ಅದಾವ” ಎಂದಳು. ಅದಕ್ಕೂ ಮೊದಲು ಮೂರು ಕಡೆ ಹೆಣ್ಣು ನೋಡಿ ಬಂದಿದ್ದೆ. ಮೂರೂ ಕಡೆ ತಲೆ ಬಗ್ಗಿಸಿದ ಮೂರು ಬೈತಲೆ ಕಂಡಿದ್ದೆ, ಮುಖ ನೆನಪಿಲ್ಲ. ಇವಳ ಮುಖ ಮರೆಯಲು ಆಗಲಿಲ್ಲ. ಅಪ್ಪನ ತಮ್ಮ, ನನ್ನ ಕಾಕಾನ ಹತ್ತಿರ ಹೋಗಿ, ಮದುವೆ ಆದರೆ ಆ ಮನೆಯ ಹುಡುಗಿಯನ್ನೇ ಎಂದೆ. ನಮ್ಮ ಪೈಕಿಯವರೇ, ಅಡ್ಡಿ ಇರಲಿಲ್ಲ.

ಕಾಕಾ ಮದುವೆ ಕುದುರಿಸುವುದರಲ್ಲಿ ಪಳಗಿದವನು. ಹೊರಡುವ ದಿನ ಹೇಳಿದ:

“ನೋಡ್ಲೇ, ಶೆಡ್ಡಿನಾಗ ನಿಂದೂ ಪಾಲ ಐತಿ ಅಂತ ಹೇಳೀನಿ. ಹತ್ತನೇತ್ತಾ ಪಾಸ ಅಂತನೂ ಹೇಳೀನಿ. ನೀ ಬಾಯಿ ಬಿಡಬ್ಯಾಡ.”

“ಕಾಕಾ, ನಾ ಕೆಲಸಗಾರ ಅಂತ ಅಕಿಗೆ ಗೊತ್ತೈತಿ. ಕಸಾ ಹೊಡದ ಬಂದೇನಿ ಅಲ್ಲಿ.”

“ಗೊತ್ತಿದ್ರ ಏನಾತು? ಗೊತ್ತಿದ್ದದ್ದನ್ನ ಯಾರರ ಹೇಳ್ತಾರೇನು? ಸುಮ್ನ ಕುಂಡ್ರು.”

ಪೇಂಟರನ ಮೋಟರ್ ಸೈಕಲ್ಲು ತಂದಾಗಿತ್ತು, ಅದರ ಹಿಂದೆ ಅವನದೇ ಕೈಬರಹದ ಎರಡು ಸಾಲು. ಅಂಗಿ ಮಾತ್ರ ನನ್ನದು.

ಆ ಮನೆಯ ಪಡಸಾಲೆಯಲ್ಲಿ ಗೋಡೆಗೆ ಮಣಿಯ ಗಿಳಿ, ಉಲ್ಲನ್ನಿನ ತೋರಣ, ಗಾಜಿನ ಚೌಕಟ್ಟಿನಲ್ಲಿ ದಾರದಲ್ಲಿ ಹೊಲಿದ ‘ಸುಸ್ವಾಗತ’. ಹೆಣ್ಣು ನೋಡಲು ಹೋದ ಮನೆಯಲ್ಲೆಲ್ಲ ಇವು ಇರುತ್ತವೆ, ಹುಡುಗಿ ಕೈಕೆಲಸದಲ್ಲಿ ಶಾಣ್ಯಾಕಿ ಎಂದು ತೋರಿಸಲು. ಅವಳ ಅಪ್ಪ ನಮ್ಮನ್ನು ಕಂಬಳಿಯ ಮೇಲೆ ಕೂರಿಸಿದ. ಬಾಗಿಲ ಬಾಜೂ ಅವಳ ಅಜ್ಜಿ. ಅವಲಕ್ಕಿ ಬಂತು. ಆಮೇಲೆ ಚಹಾದ ತಾಟು ಹಿಡಿದು ಹುಡುಗಿ ಬಂದಳು. ತಲೆ ಬಗ್ಗಿಸಿರಲಿಲ್ಲ. ನನ್ನನ್ನು ನೋಡಿ ತುಟಿ ಬಿಗಿ ಹಿಡಿದಳು, ನಗು ತಡೆಯಲು. ಗುರುತು ಹಿಡಿದಿದ್ದಳು.

ಅಷ್ಟಕ್ಕೇ ಸುಮ್ಮನಿದ್ದರೆ ಸಾಕಿತ್ತು. ಕೆಲಸ ಅಲ್ಲಿಗೇ ಮುಗಿದಿತ್ತು. ಆದರೆ ತಲೆ ಖಾಲಿಯಾಯಿತು, ಖಾಲಿ ತಲೆಗೆ ಪುಸ್ತಕ ಹೊಕ್ಕಿತು. ಗೋಡೆ ನೋಡಿ ಅಂದೆ:

“ಈ ಗಿಳಿ ಯಾಕೋ ಕಾಗಿ ಹಂಗ ಕಾಣ್ತೈತಲ್ರಿ?”

ಕಾಕಾ ನನ್ನ ತೊಡೆ ಚಿವುಟಿದ. ಅಜ್ಜಿ ಮಾತ್ರ ನಕ್ಕಳು.

“ಅಯ್ಯ ನನ ಮಗನ! ಮಾವನ ಮಗಳನ್ನ ಕಾಡಿಸಿದಂಗ ಕಾಡಸ್ತಾನಲ್ಲ. ನಿಶ್ಚಯದ ಕಾಯಿ ಇನ್ನ ಒಡದಿಲ್ಲೋ ತಮ್ಮಾ!”

ಹುಡುಗಿ ತಾಟು ಕೆಳಗಿಟ್ಟಳು. “ಅದು ನಾ ಮಾಡಿದ್ದಲ್ರಿ. ಬಾಜೂ ಮನಿದು. ನೋಡಾಕ ಬಂದಾಗೊಮ್ಮೆ ತಂದ ಹಾಕ್ತೇವಿ, ಹೋದ ಮ್ಯಾಲ ಕೊಟ್ಟ ಬರ್ತೇವಿ.”

ಅವಳ ಅಪ್ಪ ಕೆಮ್ಮಿದ. ಅವಳು ನಿಲ್ಲಿಸಲಿಲ್ಲ.

“ಹೊರಗ ನಿಂತೈತಲ್ರಿ ಗಾಡಿ, ಅದು ನಿಮ್ಮದೇನ್ರಿ?”

ಹಾಗೆ ಕೇಳಿದಾಗ ಅವಳ ಕಣ್ಣಲ್ಲಿ ಸಿಟ್ಟು ಇರಲಿಲ್ಲ. ‘ನಾನು ನನ್ನದು ಹೇಳಿದೆ, ನೀವು ನಿಮ್ಮದು ಹೇಳಿ’ ಎನ್ನುವ ಹಾಗಿತ್ತು. ‘ಅಲ್ಲ’ ಎನ್ನಲು ಎರಡೇ ಅಕ್ಷರ. ಕಾಕಾ ಕಣ್ಣು ಬಿಡುತ್ತಿದ್ದ. ನನಗೆ ನೆನಪಾದದ್ದು ಎರಡನೆಯ ಸೂತ್ರ. ಮಾತು ಕಾವೇರಿದೆ, ಏಳು.

“ನನಗ ಜರಾ ಕೆಲಸ ಐತ್ರಿ” ಎಂದು ಎದ್ದೆ. ಅರ್ಧ ಕಪ್ಪು ಚಹಾ ಹಾಗೇ ಬಿಟ್ಟು ಹೊರಗೆ ಬಂದೆ.

ಪುಸ್ತಕ ಬರೆದವನ ಊರಿನಲ್ಲಿ ಎದ್ದು ಹೋದರೆ ಏನರ್ಥವೋ ಏನೋ. ನಮ್ಮ ಕಡೆ ಒಂದೇ ಅರ್ಥ. ಚಹಾ ಮುಗಿಯಬೇಕು, ಹಿರಿಯರು ಹುಡುಗಿಯ ಕೈಗೆ ಎಲೆ ಅಡಿಕೆ ಕೊಡಬೇಕು, ‘ಬರ್ತೇವ್ರಿ’ ಎನ್ನಬೇಕು, ಆಮೇಲೆ ಏಳಬೇಕು. ಹುಡುಗ ನಡುವೆ ಎದ್ದನೆಂದರೆ ಹುಡುಗಿಯಲ್ಲಿ ಏನೋ ಐಬು ಕಂಡ ಎಂದು ಲೆಕ್ಕ. ಇದು ನಮ್ಮ ಓಣಿಯ ಎಮ್ಮೆಗೂ ಗೊತ್ತು. ನನಗೂ ಗೊತ್ತಿತ್ತು. ಆ ಒಂದು ಗಳಿಗೆ ಗೊತ್ತಿರಲಿಲ್ಲ.

ಕಾಕಾ ಊರ ಹೊರಗೆ ಬರುವ ತನಕ ತಡೆದುಕೊಂಡಿದ್ದ. ಆಮೇಲೆ ಗಾಡಿ ನಿಲ್ಲಿಸಿ ಇಳಿದು ಕೇಳಿದ: “ಬ್ಯಾಡಾಗಿದ್ರ ಕರಕೊಂಡ ಯಾಕ ಬಂದಿ?”

“ಬೇಕ ಐತಿ ಕಾಕಾ. ಬೇಕಾಗೇ ಎದ್ದೆ.”

ಕಾಕಾ ನನ್ನ ಹಣೆ ಮುಟ್ಟಿ ನೋಡಿದ. ಜ್ವರ ಇರಲಿಲ್ಲ.

ಒಂದು ವಾರಕ್ಕೆ ಕಾಕಾನೇ ಸುದ್ದಿ ತಂದ. ಹುಡುಗ ಚಹಾ ಬಿಟ್ಟು ಎದ್ದನಂತೆ, ಹುಡುಗಿಯ ಕಾಲಲ್ಲಿ ಏನೋ ಇದೆಯಂತೆ, ಅಲ್ಲ ಕಿವಿ ಮಂದವಂತೆ ಎಂದು ಘೋಡಗೇರಿಯಲ್ಲಿ ಮಾತು ಎದ್ದಿತ್ತು. ಅವಳನ್ನು ನೋಡಲು ಬರಬೇಕಿದ್ದ ಹುಕ್ಕೇರಿಯವರು ಬರುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಪೇಂಟರ್ ಅದನ್ನು ಕೇಳಿ ಪುಸ್ತಕ ಮುಚ್ಚಿ, “ಇದರಾಗ ಹಿಂಗ ಬರದಿಲ್ಲ ನೋಡ” ಎಂದ. ಅವನಿಗೆ ಬೈದೆ. ಅವನ ತಪ್ಪೇನೂ ಇರಲಿಲ್ಲ, ಎದುರಿಗೆ ಅವನೇ ಇದ್ದ, ಅಷ್ಟೆ.

ಮರುದಿನ ಬಸ್ಸು ಹಿಡಿದು ಘೋಡಗೇರಿಗೆ ಒಬ್ಬನೇ ಹೋದೆ. ಅವಳ ಅಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ತಲೆ ಎತ್ತಲಿಲ್ಲ.

“ಮತ್ತ್ಯಾಕ ಬಂದಿ? ಚಹಾ ಉಳದಿತ್ತಂತ ಬಂದೀಯೇನು? ಎಮ್ಮಿಗೆ ಹಾಕಿದ್ವಿ ಅದನ್ನ.”

ನಿಂತೇ ಹೇಳಿದೆ. ಗಾಡಿ ಪೇಂಟರನದು, ಶೆಡ್ಡಿನಲ್ಲಿ ಪಾಲಿಲ್ಲ, ಏಳನೆಯದು ಎರಡು ಸಲ. ಎದ್ದದ್ದು ಹುಡುಗಿ ಬೇಡವಾಗಿ ಅಲ್ಲ, ಒಂದು ಪುಸ್ತಕದಲ್ಲಿ ಹಾಗೆ ಬರೆದಿತ್ತು. ಒಳಗಿನಿಂದ ಅಜ್ಜಿ ಬಂದಳು.

“ಪುಸ್ತಕಾ ಕೇಳಿ ಏಳೂದು ಕುಂಡ್ರೂದು ಮಾಡ್ತೀಯೇನೋ? ಹೊರಕಡೆಗೆ ಹೋಗೂದೂ ಅದರಾಗ ಬರದೈತೇನು?”

“ಇನ್ನೊಮ್ಮೆ ಕುಂಡ್ರಾಕ ಬಿಡ್ರಿ” ಎಂದೆ. “ಹಿರ್ಯಾರನ್ನ ಕರಕೊಂಡ ಬರ್ತೇನಿ.”

ಅಪ್ಪ ಹಗ್ಗ ನಿಲ್ಲಿಸಿದ. “ಒಮ್ಮೆ ಎದ್ದಾಂವ ಮತ್ತೊಮ್ಮೆ ಏಳೂದಿಲ್ಲ ಅಂತ ಏನ ಖಾತ್ರಿ? ಊರ ಬಾಯಿ ಹ್ಯಾಂಗ ಮುಚ್ಚಲಿ ನಾ?”

ಆಗ ಹುಡುಗಿ ಬಾಗಿಲಿಗೆ ಬಂದಳು. ಆ ದಿನ ಕಂಡ ನಗು ಇರಲಿಲ್ಲ. ನನ್ನನ್ನು ನೋಡಲಿಲ್ಲ, ಅಪ್ಪನಿಗೇ ಹೇಳಿದಳು.

“ಅಪ್ಪಾ, ಇವ್ರು ನನ್ನ ಬ್ಯಾಡಂದ್ರಂತ ಊರೆಲ್ಲಾ ಅಂತೈತಿ. ನಾನ ಇವ್ರನ್ನ ಬ್ಯಾಡಂದೇನಿ ಅಂತ ಇವ್ರ ಹೋಗಿ ಅಗಸ್ಯಾಗ ಹೇಳ್ಲಿ. ಹೇಳಿ ಊರಿಗೆ ಹೋಗ್ಲಿ.”

“ಅದು ಖರೆ ಅಲ್ಲಲ್ಲ” ಎಂದೆ ನಾನು. ಹೇಗೋ ಬಾಯಿಗೆ ಬಂತು.

ಈಗ ನನ್ನ ಕಡೆ ನೋಡಿದಳು.

“ಈಗ ಖರೆ ಆತಲ್ರಿ.”

ಊರ ಬಾಗಿಲ ಕಡೆ ನಡೆದೆ.

ಅಗಸೆಯ ಕಟ್ಟೆಯ ಮೇಲೆ ಏಳೆಂಟು ಹಿರಿಯರು ಕೂತಿದ್ದರು. ಹೋಗಿ ಎದುರಿಗೆ ನಿಂತೆ. ಒಬ್ಬ ಮುದುಕ ಗುರುತು ಹಿಡಿದು, “ಎದ್ದ ಹ್ವಾದ ಹುಡುಗ ಇವನ ಅಲ್ಲೇನು?” ಎಂದ.

“ನಾನಾಗೇ ಎದ್ದ ಹೋಗಿಲ್ರಿ. ಹುಡುಗಿ ನನ್ನ ಬ್ಯಾಡಂದ್ಲು, ಅದಕ್ಕ ಎದ್ದೆ.”

“ಯಾಕಂತ?”

“ಗಾಡಿ ಬ್ಯಾರೇದವ್ರದು, ಹೇಳಿದ್ದೆಲ್ಲಾ ಸುಳ್ಳು, ಸಾಲಿ ಕಲ್ತಿಲ್ಲ. ಎಲ್ಲಾ ಹಿಡದ್ಲು.”

ಮುದುಕ ಉಳಿದವರ ಕಡೆ ನೋಡಿದ. “ಕಾಲಾಗ ಐಬ ಐತಿ ಅಂತಿದ್ರಲ್ಲೋ ನೀವು. ತಲಿ ಐತಲ್ಲೋ ಹುಡುಗೀಗೆ!” ನನ್ನ ಕಡೆ ತಿರುಗಿ, “ಛಲೋ ಮಾಡ್ಯಾಳ ಬಿಡು” ಎಂದ.

“ಹೌದ್ರಿ” ಎಂದೆ.

ಆಗಷ್ಟೇ ಬಂದವನೊಬ್ಬನಿಗೆ ಕೇಳಿಸಿರಲಿಲ್ಲ, ಅವನಿಗಾಗಿ ಇನ್ನೊಮ್ಮೆ ಹೇಳಿದೆ. ಬಸ್ಸಿಗೆ ಕಾಯುವಾಗ ಚಹಾದಂಗಡಿಯವನು ಕೇಳಿದ, ಅವನಿಗೂ ಹೇಳಿದೆ. ಮೂರನೆಯ ಸಲಕ್ಕೆ ತಡವರಿಸಲಿಲ್ಲ. ಕನ್ನಡಿ ಮುಂದೆ ಕಲಿಯುವ ಜರೂರಿ ಬೀಳಲಿಲ್ಲ.

ಪುಸ್ತಕ ಓದಿ. ನನ್ನ ಸಲಹೆ ಈಗಲೂ ಅದೇ. ಕೊನೆಯ ಭಾಗದಲ್ಲಿ ಬರೆದವನು ತಾನೂ ಹಾಳಾದದ್ದನ್ನು ಚೆನ್ನಾಗಿ ಬರೆದಿದ್ದಾನೆ. ನಾವು ಅಲ್ಲಿಯ ತನಕ ಓದಿದ್ದೆವು, ಅದಕ್ಕೂ ನಕ್ಕಿದ್ದೆವು. ಪುಸ್ತಕದ ತಪ್ಪಲ್ಲ.

ಎರಡು ತಿಂಗಳಿಗೆ ಘೋಡಗೇರಿಯ ರೈತನೊಬ್ಬ ಟ್ರೇಲರಿನ ಕೊಂಡಿ ಮುರಿದುಕೊಂಡು ಶೆಡ್ಡಿಗೆ ಬಂದ. ನನ್ನನ್ನು ಮೇಲೆ ಕೆಳಗೆ ನೋಡಿದ.

“ನಮ್ಮೂರ ಹುಡುಗಿ ಬ್ಯಾಡಂದಿದ್ದು ನಿನಗ ಅಲ್ಲೇನು?”

“ಹೌದ್ರಿ, ನನಗ.”

“ಅಕೀದು ಹುಕ್ಕೇರಿಗೆ ಗಟ್ಟಿ ಆತು. ಅವ್ರ ಮತ್ತ ತಾವ ಬಂದ್ರು. ಸುಳ್ಳ ಹಿಡಿಯೂ ಅಂಥಾ ಹುಡುಗೀನ ಬೇಕ ನಮಗ ಅಂದ್ರಂತ.”

“ಛಲೋ ಆತ್ರಿ” ಎಂದೆ. “ಜರಾ ಆ ಕಡೆ ಸರೀರಿ, ಕಿಡಿ ಹಾರತಾವ.” ಗ್ಲಾಸು ಕಣ್ಣಿನ ಮೇಲೆ ಎಳೆದುಕೊಂಡೆ. ಕರೆಂಟು ಇತ್ತು.