ಪಂಚಮಿಗೆ ಅಕ್ಕನನ್ನು ಕರೆತರಲು ಹೋದದ್ದು

ನಾಗರ ಪಂಚಮಿ ಇನ್ನೇನು ಬಂತು ಅನ್ನುವಾಗ, ಮೆಲ್ಬರ್ನಿನ ಚಳಿಗೆ ಮೂಗು ಒರೆಸಿಕೊಳ್ಳುತ್ತ, ತೊಡೆಯ ಮೇಲೆ ಉಂಡಿ ಡಬ್ಬಿ ಇಟ್ಟುಕೊಂಡು ನಾನು ಸಿಡ್ನಿಯ ವಿಮಾನದಲ್ಲಿ ಕೂತಿದ್ದೆ. ಅಕ್ಕನನ್ನು ಹಬ್ಬಕ್ಕೆ ಕರೆತರಲು ಹೊರಟಿದ್ದೆ. ನಮ್ಮ ಹುಬ್ಬಳ್ಳಿ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಗಂಡನ ಮನೆಯಲ್ಲಿರುವ ಅಕ್ಕತಂಗಿಯರನ್ನು ಅಣ್ಣನೋ ತಮ್ಮನೋ ಖುದ್ದಾಗಿ ಹೋಗಿ ಕರೆದುಕೊಂಡು ಬರಬೇಕು. ಅವರು ತಾವಾಗಿ ಬಂದರೆ ನಾಲ್ಕು ಜನ ಆಡಿಕೊಳ್ಳುತ್ತಾರೆ. ಅವ್ವ ತೀರಿಕೊಂಡ ಮೇಲೆ ಹುಬ್ಬಳ್ಳಿಯ ಮನೆ ಕೈಬಿಟ್ಟುಹೋಯಿತು. ಈಗ ಅಕ್ಕನಿಗೆ ತವರು ಅಂತ ಉಳಿದಿರುವುದು ಮೆಲ್ಬರ್ನಿನ ಡ್ಯಾಂಡಿನಾಂಗಿನಲ್ಲಿರುವ ನನ್ನ ಎರಡು ಕೋಣೆಯ ಬಾಡಿಗೆ ಮನೆ.

ಪ್ರತಿ ವರ್ಷ ವಿಡಿಯೊ ಕಾಲ್‌ನಲ್ಲಿ ಉಂಡಿ ತೋರಿಸಿ ಹಬ್ಬ ಮುಗಿಸುತ್ತಿದ್ದೆವು. ಈ ಸಲ ಅಕ್ಕನೇ ಫೋನ್ ಮಾಡಿ, "ತಮ್ಮಾ, ಪಂಚಮಿಗೆ ನನ್ನ ಕರಿಯಾಕ ಬರ್ತೀಯೇನು?" ಅಂದಳು. ನಮ್ಮಕ್ಕ ಬಾಯಿಬಿಟ್ಟು ಕೇಳುವವಳೇ ಅಲ್ಲ. ನಾನು ಹಿಗ್ಗಿ, ಎಲ್ಲವನ್ನೂ ಪದ್ಧತಿ ಪ್ರಕಾರ ಮಾಡಿದೆ. ಮೊದಲು ಅವಳ ಗಂಡನಿಗೆ, ಅಂದರೆ ನಮ್ಮ ಮಾಮಾನಿಗೆ ಫೋನ್ ಮಾಡಿ, ಅಕ್ಕನನ್ನು ಕಳಿಸಿಕೊಡಿ ಅಂತ ಕೇಳಿದೆ. ಅವರು ಒಪ್ಪಿದ ಮೇಲೆ ಟಿಕೆಟ್ ಬುಕ್ ಮಾಡಿ ಅವರ ಫೋನಿಗೇ ಕಳಿಸಿದೆ. ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಹಗ್ಗ ಬಿಗಿದು ಜೋಕಾಲಿಯನ್ನೂ ಕಟ್ಟಿದೆ. ಹೆಂಡತಿ ಸುಧಾ ಅದರ ಮೇಲೆ ಕೂತು ನೋಡಿ, ಶೆಡ್ಡು ಬಿದ್ದರೆ ಮನೆ ಓನರ್‌ಗೆ ನೀವೇ ಹೇಳಬೇಕು ಅಂದಳು.

ಸಿಡ್ನಿಯಲ್ಲಿ ಇಳಿದು, ಮಧ್ಯೆ ಒಂದು ಕಡೆ ರೈಲು ಬದಲಿಸಿ, ದಕ್ಷಿಣದ ಕರಾವಳಿಗೆ ಹೋಗುವ ರೈಲು ಹಿಡಿದೆ. ಸದರ್ಲೆಂಡ್ ದಾಟುವವರೆಗೆ ಬರೀ ಮನೆಗಳು. ಆಮೇಲೆ ಕಾಡು, ಒಂದು ಸುರಂಗ, ಅದರಾಚೆ ಎಡಗಡೆ ಒಮ್ಮೆಲೇ ಸಮುದ್ರ. ರೈಲಿನ ಡಬ್ಬಿಯಲ್ಲಿದ್ದ ಪ್ರವಾಸಿಗರು ಫೋನ್ ಹಿಡಿದು ಎದ್ದರು. ನಾನೂ ಎದ್ದೆ, ಹುಬ್ಬಳ್ಳಿಯವನಿಗೆ ನೀರು ಕಂಡರೆ ಇನ್ನೂ ಆಸೆ.

ಅಕ್ಕ ಇರುವುದು ವೊಲಾಂಗಾಂಗ್‌ಗೆ ಮುಂಚೆ ಸಿಗುವ ಒಂದು ಪುಟ್ಟ ಊರಿನಲ್ಲಿ. ಹೆಸರು ಬರೆಯುವುದಿಲ್ಲ. ಅಲ್ಲಿರುವ ಕನ್ನಡದವಳು ಅವಳೊಬ್ಬಳೇ, ಗುರುತು ಹತ್ತೀತು. ಅಲ್ಲಿಯ ಪ್ಲಾಟ್‌ಫಾರಂ ಎಷ್ಟು ಗಿಡ್ಡ ಅಂದರೆ ಮುಂದಿನ ಡಬ್ಬಿಗಳ ಬಾಗಿಲುಗಳು ಮಾತ್ರ ತೆರೆಯುತ್ತವೆ. ಸ್ಪೀಕರಿನಲ್ಲಿ ಹೇಳಿದ್ದರಂತೆ, ನಾನು ಸಮುದ್ರ ನೋಡುತ್ತಿದ್ದೆ. ಹಿಂದಿನ ಡಬ್ಬಿಯಲ್ಲಿ ಬಾಗಿಲಿನ ಗುಂಡಿ ಒತ್ತುತ್ತ ನಿಂತಿದ್ದಾಗಲೇ ರೈಲು ಹೊರಟಿತು. ನನ್ನ ಡಬ್ಬಿ ಪ್ಲಾಟ್‌ಫಾರಂ ದಾಟುವಾಗ ಅಲ್ಲಿ ನಿಂತಿದ್ದ ಅಕ್ಕ ಕಿಟಕಿಯಲ್ಲಿ ಕಂಡಳು. ನಾನು ಗಾಜು ಬಡಿದೆ. ಅವಳು ಕೈ ಎತ್ತಿದಳು, ಅಷ್ಟರಲ್ಲಿ ಹಿಂದೆ ಉಳಿದಳು. ಮುಂದಿನ ಊರಿನಲ್ಲಿ ಇಳಿದು, ಗಾಳಿಗೆ ನಡುಗುತ್ತ ಕಾದು, ವಾಪಸ್ ಬರುವ ರೈಲು ಹತ್ತಿದೆ. ಅಕ್ಕ ಇನ್ನೂ ಅಲ್ಲೇ ನಿಂತಿದ್ದಳು. ನೀನೂ ಮುಂದಕ್ಕೆ ಹೊರಟುಹೋದೆ ಅಂದುಕೊಂಡೆ ಅಂದಳು. ಅವಳ ಕೆನ್ನೆ ಒಳಕ್ಕೆ ಹೋಗಿತ್ತು.

ಊರು ಚೆಂದವಿದೆ, ಸುಳ್ಳು ಹೇಳಬಾರದು. ಹಿಂದೆ ಕಡಿದಾದ ಬೆಟ್ಟ, ಮುಂದೆ ಸಮುದ್ರ, ನಡುವೆ ಒಂದು ರಸ್ತೆ, ಒಂದು ಕಾಫಿ ಅಂಗಡಿ. ಆದರೆ ವಾರದ ದಿನ ಹಗಲು ಊರಿನಲ್ಲಿ ಜನವೇ ಇಲ್ಲ. ಎಲ್ಲರೂ ಬೆಳಗಿನ ರೈಲಿಗೆ ಸಿಡ್ನಿಗೆ ಹೋಗಿರುತ್ತಾರೆ. ಸ್ಟೇಷನ್ ಪಕ್ಕ ಅವರ ಕಾರುಗಳು ಮಾತ್ರ ಸಾಲಾಗಿ ನಿಂತಿರುತ್ತವೆ. ದಾರಿಯಲ್ಲಿ ನಾಯಿ ಹಿಡಿದುಕೊಂಡ ಒಬ್ಬ ಅಜ್ಜಿ ಸಿಕ್ಕಿ, ಬೆಳಿಗ್ಗೆ ತಿಮಿಂಗಿಲಗಳು ಹೋದವು, ನೋಡಿದಿರಾ ಅಂತ ಕೇಳಿದಳು. ಅಕ್ಕ ನಗುನಗುತ್ತ ನೋಡಿದೆ ಅಂದಳು. ಅಜ್ಜಿ ಅತ್ತ ಹೋದ ಮೇಲೆ, ತಾನು ನೋಡಿಲ್ಲ, ಇಲ್ಲ ಅಂದರೆ ಅದು ಇನ್ನೊಂದು ಮಾತಾಗುತ್ತದೆ, ಹೌದು ಅಂದರೆ ಮುಗಿಯುತ್ತದೆ ಅಂದಳು.

ಮೊದಲು ಅಕ್ಕ, ಮಾಮಾ ಸಿಡ್ನಿಯ ಟೂಂಗಾಬಿಯಲ್ಲಿದ್ದರು. ಅಲ್ಲಿ ಅಕ್ಕ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಳು. ಜೋಳದ ಹಿಟ್ಟಿನ ಅಂಗಡಿಗೆ ಹೋದರೆ ಧಾರವಾಡದ ಆಂಟಿಯರು ಸಿಕ್ಕು ಒಂದು ತಾಸು ಹರಟೆ ಆಗುತ್ತಿತ್ತು. ಮಾಮಾನಿಗೆ ಸಮುದ್ರ ಕಾಣುವ ಮನೆ ಬೇಕಿತ್ತು. ಕೊಂಡರು, ಮಾರ್ಟ್‌ಗೇಜ್ ಸಾಲ ಕೊರಳಿಗೆ ಬಿತ್ತು, ಅಕ್ಕನಿಗೆ ಕೆಲಸ ದೂರವಾಗಿ ಬಿಟ್ಟುಹೋಯಿತು. ಮಾಮಾ ಸಿಡ್ನಿಯ ಪಶ್ಚಿಮದ ಪ್ಯಾರಮಟ್ಟಾದಲ್ಲಿರುವ ಆಫೀಸಿಗೆ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಾರೆ. ಸಮುದ್ರ ಕಾಣುವ ಮನೆಯ ಯಜಮಾನನಿಗೆ ಸಮುದ್ರ ಕಾಣುವುದು ಶನಿವಾರ, ಭಾನುವಾರ ಮಾತ್ರ. ಆಗ ಅವರು ಮಲಗಿರುತ್ತಾರೆ.

ಅಕ್ಕ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಉಂಡು ಕಿಟಕಿಯ ಮುಂದೆ ಕೂತೆವು. ನಾನು ಸಮುದ್ರವನ್ನು ಹೊಗಳಿದೆ. "ದಿನಾ ಇದರ ಮುಂದ ಕುಂದರತೇನಿ, ತಮ್ಮಾ. ಇದೂ ನನ್ನ ಕೂಡ ಮಾತಾಡೂದಿಲ್ಲ," ಅಂದಳು. ಮಾತು ಬದಲಿಸಲು ನಾನು ಎದ್ದೆ. ಬಾಗಿಲ ಬಳಿ ಇದ್ದ ದೊಡ್ಡ ಸೂಟ್‌ಕೇಸ್ ಎತ್ತಿ ನೋಡಿದೆ, ಕಲ್ಲು ತುಂಬಿದಂತಿತ್ತು. ಹಬ್ಬಕ್ಕೆ ಹೊರಟೀಯೋ ಮನೆ ಖಾಲಿ ಮಾಡಿ ಹೊರಟೀಯೋ ಅಂತ ಚೇಷ್ಟೆ ಮಾಡಿದೆ. ಅಕ್ಕ ನಗಲಿಲ್ಲ. ಗಾಳಿ ಬರುತ್ತದೆ ಅಂತ ಎದ್ದು ಕಿಟಕಿ ಹಾಕಿದಳು.

ಸಂಜೆ ಮಾಮಾ ಬಂದರು. ಕೆಟ್ಟವರಲ್ಲ. ರೈಲಿನಲ್ಲಿ ನಿದ್ದೆ ಮಾಡಿ ಎದ್ದ ಮುಖ, ಬೂಟು ಬಿಚ್ಚುವುದಕ್ಕೂ ತ್ರಾಣವಿಲ್ಲ. ಊಟಕ್ಕೆ ಕೂತಾಗ ಉಂಡಿ ಮುರಿಯುತ್ತ ನನಗೆ ಹೇಳಿದರು: "ಚಲೋ ಮಾಡಿದ್ರಿ ಬಿಡ್ರಿ, ಅಕಿಗೂ ಒಂದ್ ಚೇಂಜ್ ಆಗ್ತದ. ಮಂಗಳವಾರದ ವಾಪಸ್ ಟಿಕೆಟ್ ನೋಡಿದೆ. ಏರ್‌ಪೋರ್ಟಿಗೆ ನಾನಽ ಬರ್ತೇನಿ."

ಅಕ್ಕನ ಕೈ ಸಾರಿನ ಸೌಟಿನ ಮೇಲೆ ನಿಂತಿತು. ಮಂಗಳವಾರ ಯಾಕೆ ಅಂತ ಕೇಳಿದಳು. ಮಾಮಾನನ್ನಲ್ಲ, ನನ್ನನ್ನು. ನಾನು ದೊಡ್ಡ ಜಾಣನ ಹಾಗೆ, ಹಬ್ಬ ಮುಗಿದ ಮೇಲೆ ಹೆಣ್ಣುಮಕ್ಕಳನ್ನು ತಿರುಗಿ ಕಳಿಸುವುದು ಪದ್ಧತಿಯಲ್ಲವೇ, ಮಾಮಾನಿಗೂ ಊಟದ ತೊಂದರೆ ಅಂದೆ. ಅಕ್ಕ ಹೌದು ಅಂದಳು. ಅಜ್ಜಿಗೆ ತಿಮಿಂಗಿಲ ನೋಡಿದೆ ಅಂದ ದನಿಯಲ್ಲೇ ಅಂದಳು. ಅದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮರುದಿನ ನಾನು ಏಳುವಷ್ಟರಲ್ಲಿ ಮಾಮಾ ಹೋಗಿಯಾಗಿತ್ತು. ಬಾಗಿಲ ಬಳಿ ಸೂಟ್‌ಕೇಸ್ ಇರಲಿಲ್ಲ. ಅದು ಕೋಣೆಯಲ್ಲಿ ಬಾಯಿ ತೆರೆದು ಬಿದ್ದಿತ್ತು. ಅಕ್ಕ ಒಂದೊಂದಾಗಿ ತೆಗೆದು ಕಪಾಟಿನಲ್ಲಿ ಇಡುತ್ತಿದ್ದಳು: ಬೇಸಿಗೆಯ ಅಂಗಿಗಳು, ಓದಿನ ಸರ್ಟಿಫಿಕೇಟುಗಳು, ಅವ್ವನ ಫೋಟೊ, ಕೊನೆಗೆ ರೊಟ್ಟಿ ಮಾಡುವ ಹಂಚು. ಹಂಚು ನೋಡಿದ ಮೇಲೆ ನನಗೆ ತಿಳಿಯಿತು. ನಾಲ್ಕು ದಿನದ ಹಬ್ಬಕ್ಕೆ ಯಾರೂ ಹಂಚು ಒಯ್ಯುವುದಿಲ್ಲ.

ವಾಪಸ್ ಬರುವುದು ಬೇಡ, ನಮ್ಮಲ್ಲೇ ಇರು, ಆ ಟಿಕೆಟ್ ಹಾಳಾಗಲಿ ಅಂದೆ. ಅಕ್ಕ ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದಳು. ಎಷ್ಟು ದಿನ ಅಂತ ಕೇಳಿದಳು. ನಾನು ತಕ್ಷಣ ಉತ್ತರ ಕೊಡಬೇಕಿತ್ತು. ಆದರೆ ಎರಡು ಕೋಣೆಯ ಮನೆ, ಸುಧಾ, ಮಾಮಾನಿಗೆ ಏನು ಹೇಳುವುದು, ಊರಿನವರು ಏನು ಅಂದಾರು, ಎಲ್ಲ ಒಟ್ಟಿಗೆ ತಲೆಗೆ ಬಂದವು. ಅಕ್ಕ ಅದನ್ನು ನನ್ನ ಮುಖದಲ್ಲಿ ಓದಿದಳು.

"ಎಲ್ಲಾರನ್ನೂ ಕೇಳಿದಿ ನೀ," ಅಂದಳು. "ಎಷ್ಟ್ ದಿನ ಇರ್ತೀ ಅಂತ ನನ್ನ ಯಾಕ ಕೇಳಲಿಲ್ಲೋ?"

ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು, ಕಾಲು ಹಿಡಿಯುತ್ತಿದ್ದೆ. ಮಂಗಳವಾರ ವಾಪಸ್ ಬರುವುದಕ್ಕಾಗಿ ಹೋಗುವ ಶಕ್ತಿ ತನಗಿಲ್ಲ, ಒಮ್ಮೆ ಹೊರಗೆ ಕಾಲಿಟ್ಟು ತಿರುಗಿ ಈ ಮನೆಯ ಬಾಗಿಲು ತೆಗೆಯುವುದು ತನ್ನಿಂದ ಆಗದು ಅಂತ ಮೆಲ್ಲಗೆ ಹೇಳಿದಳು. ಆಮೇಲೆ ನಾನು ಎಷ್ಟು ಹೇಳಿದರೂ ಹಬ್ಬಕ್ಕೆ ಸುಧಾ ಕಾಯುತ್ತಾಳೆ, ಹೊರಡು ಅಂದಳೇ ಹೊರತು ಬೇರೆ ಮಾತಿಲ್ಲ.

ಸ್ಟೇಷನ್ನಿಗೆ ಬಂದಳು. ಮುಂದಿನ ಡಬ್ಬಿ ಹತ್ತು ಅಂತ ನೆನಪಿಸಿದಳು. ಉಂಡಿ ಡಬ್ಬಿಯಲ್ಲಿ ಸುಧಾಗೆ ಅಂತ ಕುಪ್ಪಸದ ಖಣ ಇಟ್ಟಿದ್ದಳು. ಹಬ್ಬಕ್ಕೆ ಹೆಣ್ಣುಮಗಳಿಗೆ ಖಣ ಕೊಡಬೇಕಾದವರು ನಾವು. ರೈಲು ಹೊರಟಿತು. ಅವಳು ಕೈ ಬೀಸಲಿಲ್ಲ, ಶಾಲು ಎಳೆದುಕೊಂಡು ಸಮುದ್ರದ ಕಡೆಗೆ ಬೆನ್ನು ಮಾಡಿ ನಿಂತಿದ್ದಳು. ಸುರಂಗ ಬರುವವರೆಗೆ ನಾನು ಅತ್ತೆ. ವಿಮಾನದಲ್ಲಿ ಪಕ್ಕದ ಸೀಟು ಖಾಲಿ ಇತ್ತು. ಒಬ್ಬರು ಬಂದು ಇಲ್ಲಿ ಯಾರಾದರೂ ಇದ್ದಾರಾ ಅಂತ ಕೇಳಿದರು. ಇದ್ದಾರೆ ಅಂದುಬಿಟ್ಟೆ.

ಪಂಚಮಿಯ ದಿನ ಜೋಕಾಲಿಯಲ್ಲಿ ಯಾರೂ ಕೂರಲಿಲ್ಲ. ಸುಧಾ ಎಲ್ಲ ಕೇಳಿ, ಸಣ್ಣ ಕೋಣೆ ಇತ್ತಲ್ಲ, ನನಗೆ ಒಂದು ಫೋನ್ ಮಾಡಬಾರದಿತ್ತೇ ಅಂದಳು. ಆಗಿನಿಂದ ಅಕ್ಕನಿಗೆ ದಿನವೂ ಫೋನ್ ಮಾಡುತ್ತೇನೆ. ಆರಾಮ ಇದ್ದೇನೆ ಅನ್ನುತ್ತಾಳೆ. ಬಾ ಅಂದರೆ ಹೌದು, ಬರ್ತೇನೆ ಅನ್ನುತ್ತಾಳೆ. ಆ ಹೌದು ಎಂಥದ್ದು ಅಂತ ಈಗ ನನಗೆ ಗೊತ್ತು.

ಸೋಮವಾರ ಜೋಕಾಲಿಯ ಹಗ್ಗ ಬಿಚ್ಚುತ್ತಿದ್ದಾಗ ವಿಮಾನ ಕಂಪನಿಯಿಂದ ಫೋನಿಗೆ ಸಂದೇಶ ಬಂತು. ಅಕ್ಕನ ಹೆಸರು, ನಾಳೆ ಮೆಲ್ಬರ್ನಿನಿಂದ ಸಿಡ್ನಿಗೆ, ಕಿಟಕಿ ಪಕ್ಕದ ಸೀಟು. ಅವಳು ಬಂದೇ ಇರಲಿಲ್ಲ. ಅವಳನ್ನು ವಾಪಸ್ ಕಳಿಸುವ ಟಿಕೆಟ್ ಮಾತ್ರ ಇನ್ನೂ ನನ್ನ ಕೈಯಲ್ಲಿತ್ತು.